ನೊರೀನಳ ಬೀರು

ಬ್ಯಾಲರಾಟ್‌ನಲ್ಲಿ ಜುಲೈ ಅಂದರೆ
ಕಾರಿನ ಗಾಜು ಕೆರೆದರೆ ಉಗುರು ನೋಯುವಂಥ ಹಿಮ.
ಸೋಮ, ಬುಧ, ಶುಕ್ರ
ಮರ್ವ್ ಟ್ರೆತೊವಿ ಅವರ ಮನೆಗೆ ನನ್ನ ಸರದಿ:
ಕಾಲಿನ ಹುಣ್ಣಿಗೆ ಪಟ್ಟಿ ಬದಲಿಸಲು,
ವಾರದ ಮಾತ್ರೆಗಳನ್ನು ಡಬ್ಬಿಗೆ ತುಂಬಲು.
ಫೈಲಿನಲ್ಲಿ ಬರೆದಿತ್ತು: ಸಾಕುಪ್ರಾಣಿ, ಒಂದು.
ಬೆಕ್ಕಿರಬೇಕು ಅಂದುಕೊಂಡಿದ್ದೆ.

ಮಲಗುವ ಕೋಣೆಯಲ್ಲಿ ಗೋಡೆಯುದ್ದಕ್ಕೂ ಮರದ ಬೀರು.
ನೊರೀನಳದು. ಅವಳು ಪರ್ತ್‌ಗೆ ಹೊರಟುಹೋದಾಗ
ಹ್ಯಾಂಗರುಗಳನ್ನಷ್ಟೇ ಬಿಟ್ಟಳಂತೆ.
ರೈಲು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೆಸುಗೆ ಹಾಕಿದ ಕೈ
ಸುಮ್ಮನೆ ಕೂರಲಿಲ್ಲ.
ಬಾಗಿಲು ಕಿತ್ತು ಗಾಜು ಕೂರಿಸಿತು,
ತಳಕ್ಕೆ ಜಲ್ಲಿ, ಜಲ್ಲಿಯ ಮೇಲೆ ಜಾಲರಿ,
ಅದರ ಮೇಲೆ ಗೇಣುದ್ದ ಮಣ್ಣು, ತೊಗಟೆ, ತರಗೆಲೆ,
ಅಡ್ಡಕ್ಕೆ ಗಮ್ ಮರದ ಕವಲು ಕೊಂಬೆ.
ಜರಿಗಿಡ, ಪಾಚಿ, ಆಮೇಲೆ
ಅಯ್ಯೋ, ನಮ್ಮ ಮನಿಪ್ಲಾಂಟು!
ಊರಿನ ಬ್ಯಾಂಕಿನ ಕೌಂಟರಿನಲ್ಲಿ
ಹಾರ್ಲಿಕ್ಸ್ ಬಾಟಲಿಯ ನೀರು ಕುಡಿದುಕೊಂಡು
ಹೇಗೋ ದಿನ ದೂಡುತ್ತಿದ್ದ ಗಿಡ
ಇಲ್ಲಿ ಮೊರದಗಲ ಎಲೆ ಬಿಟ್ಟು
ನೊರೀನಳ ಹ್ಯಾಂಗರ್ ಸರಳನ್ನೇ ನುಂಗಿತ್ತು.

ಹಾವೆಲ್ಲಿ, ಅಂದೆ.
ಇದೆ, ಅಂದರು.

ಮೂರು ವಾರ ಕಾಣಲಿಲ್ಲ.

"ಮೊದಲು ಮೀನಿನ ತೊಟ್ಟಿಯಲ್ಲಿಟ್ಟಿದ್ದೆ.
ಪೇಪರು ಹಾಸಿ, ಬಟ್ಟಲಲ್ಲಿ ನೀರು. ಸ್ವಚ್ಛ.
ಯಾವಾಗ ಬಂದು ನೋಡಿದರೂ ಕಾಣುತ್ತಿತ್ತು.
ರಾತ್ರಿಯೆಲ್ಲ ಮೂತಿಯಿಂದ ಗಾಜು ಉಜ್ಜುತ್ತಿತ್ತು,
ತುಟಿ ಹರಿದು ರಕ್ತ ಬರುವ ತನಕ.
ಈಗ ಬಂದವರಿಗೆ ತೋರಿಸಲಾಗುವುದಿಲ್ಲ.
ಬಂದವರಿಗೇನು, ನನಗೇ."

ಹಾವಾಡಿಗನ ಬುಟ್ಟಿ ನೆನಪಾಯಿತು.
ಮುಚ್ಚಳ ತೆಗೆದಾಗಲೆಲ್ಲ ಹೆಡೆ. ಒಮ್ಮೆಯೂ ತಪ್ಪಿದ್ದಿಲ್ಲ.
ನಾವು ಚಪ್ಪಾಳೆ ತಟ್ಟಿದ್ದೆವು.

ಹಿಕ್ಕೆ ಬಾಚುವವರು ಯಾರು? ಯಾರೂ ಇಲ್ಲ.
ಎಳ್ಳುಕಾಳಿನಷ್ಟು ಬಿಳಿ ಜೀವಗಳು ಮಣ್ಣೊಳಗೆ
ತಿಂದು, ಅರೆದು, ಬೇರಿಗೆ ಉಣಿಸಿ ಮುಗಿಸುತ್ತವೆ,
ನಾನು ಟೈಮ್‌ಶೀಟ್ ಹಿಡಿದು ಮಾಡುವ ಕೆಲಸ.

ಹೆಬ್ಬಾವಿಗೆ ಹೆಸರಿರಲಿಲ್ಲ. ಲೈಸೆನ್ಸಿನಲ್ಲೊಂದು ನಂಬರು.
ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಹಾವು ಅನ್ನುವುದಿಲ್ಲ,
ಹುಳ ಅನ್ನುತ್ತೇವೆ, ಅಂದೆ.
ಯಾಕೆ?
ಕರೆದರೆ ಬಂದುಬಿಡುತ್ತದೆ ಅಂತ.
ನಕ್ಕರು, ಕೆಮ್ಮು ಬರುವಷ್ಟು.
"ಇದು ಕರೆದರೂ ಬರುವುದಿಲ್ಲ."
ಅವರ ನಾಲಗೆಗೆ ಳಕಾರ ಹತ್ತಲಿಲ್ಲ. ಅಂದಿನಿಂದ ಅದು ಹುಲ.

ಆಗಸ್ಟಿನಲ್ಲಿ ಎರಡು ಬೆರಳು ತೆಗೆಯಬೇಕಾಯಿತು.
ಆಸ್ಪತ್ರೆಗೆ ಹೊರಡುವಾಗ ಕೀಲಿಕೈ ಕೊಟ್ಟರು,
ಬೆಸುಗೆಗಾರನ ದಪ್ಪಕ್ಷರದ ಚೀಟಿಯೊಂದನ್ನೂ.
ಬೆಳಗ್ಗೆ ನೀರು ಚಿಮುಕಿಸು. ಥರ್ಮೋಸ್ಟಾಟ್ ನೋಡು.
ಹುಡುಕಬೇಡ.

ಫ್ರೀಜರಿನ ಇಲಿಯನ್ನು ಬಿಸಿನೀರಲ್ಲಿ ಮೆದುಮಾಡಿ
ಇಕ್ಕಳದಲ್ಲಿ ಹಿಡಿದು ಕೊಂಬೆಯ ಕೆಳಗಿಟ್ಟೆ.
ಬೆಳಗ್ಗೆ ಇರಲಿಲ್ಲ.

ಏಳನೆಯ ರಾತ್ರಿ ಬೀದಿಯ ಕರೆಂಟು ಹೋಯಿತು.
ಗಾಜಿಗೆ ರಗ್ಗು ಹೊದಿಸಿದೆ, ಬಿಸಿನೀರ ಚೀಲ ಒತ್ತರಿಸಿದೆ,
ಕಾಣದ್ದಕ್ಕೆ ಕಾವಲು ಕೂತೆ, ಕೋಟಿನ ಮೇಲೆ ಕೋಟು ತೊಟ್ಟು.
ಒಮ್ಮೆ ತರಗೆಲೆ ಸರಿದ ಸದ್ದು.
ಒಮ್ಮೆ ಅದೂ ಅಲ್ಲ, ನನ್ನದೇ ತೋಳು.

ನಸುಕಿನಲ್ಲಿ ದೀಪ ಬಂದಾಗ ರಗ್ಗು ಎತ್ತಿದೆ.
ನೊರೀನಳ ಒಂದು ಹ್ಯಾಂಗರಿಗೆ
ಆರಡಿ ಪೊರೆ ತೂಗುಬಿದ್ದಿತ್ತು,
ಒಗೆದು ಹಿಂಡದೆ ಹಾಕಿದಂತೆ ಇನ್ನೂ ಒದ್ದೆ.
ಕಣ್ಣಿನ ಜಾಗದಲ್ಲೂ ಪೊರೆ:
ಎರಡು ಪುಟ್ಟ ಗುಂಡು ಗಾಜು.
ಉಟ್ಟವಳು ಎಲ್ಲೂ ಇಲ್ಲ.

ಸಂಜೆ ವಾರ್ಡಿನಿಂದ ಫೋನು.
ಕಾಲಿನ ಮಾತೇ ಎತ್ತಲಿಲ್ಲ.
"ಹುಲ?" ಅಂದರು.
ಕಿಟಕಿಯಾಚೆ ಆಗಲೇ ಕತ್ತಲು.
ಇದೆ, ಅಂದೆ.